ನೀವು ನೋಡಿದ ಎಪಿಸೋಡು ಯಾರ ಲೆಕ್ಕಕ್ಕೆ?

ಕಾಲೇಜು ಹುಡುಗರ ಜೊತೆ ಅನಿಮೆ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ. "ದುಡ್ಡು ಕೊಟ್ಟು ನೋಡಿದ್ರೂ ಅದು ಹೋಗೋದು ದೊಡ್ಡ ಕಂಪನಿಗೆ ತಾನೇ ಸಾರ್? ಚಿತ್ರ ಬಿಡಿಸಿದವರಿಗೆ ಏನೂ ಸಿಗಲ್ಲ. ಹಾಗಿದ್ಮೇಲೆ ಪೈರಸಿ ಸೈಟಲ್ಲಿ ನೋಡಿದ್ರೆ ಯಾರಿಗೆ ನಷ್ಟ?" ಇದನ್ನು ಉಡಾಫೆ ಮಾತೆಂದು ತಳ್ಳಿಹಾಕುವಂತಿಲ್ಲ. ಮೊದಲರ್ಧ ಬಹುಮಟ್ಟಿಗೆ ನಿಜವೇ. ಎರಡನೆಯರ್ಧ ಮಾತ್ರ ಪೂರ್ತಿ ತಪ್ಪು. ಎಲ್ಲಿ ತಪ್ಪು ಎಂದು ತಿಳಿಯಬೇಕಾದರೆ ದುಡ್ಡು ಓಡಾಡುವ ದಾರಿಯನ್ನೇ ಹಿಡಿದು ಹೋಗಬೇಕು.

ಟೋಕಿಯೋದ ಪಶ್ಚಿಮ ಭಾಗದಲ್ಲಿ ನೆರಿಮಾ, ಸುಗಿನಾಮಿ ಎಂಬ ವಾರ್ಡುಗಳಿವೆ. ಜಪಾನಿನ ಅನಿಮೆ ಸ್ಟುಡಿಯೋಗಳು ದಟ್ಟವಾಗಿರುವುದು ಈ ಕಡೆಯೇ. ಅಲ್ಲಿ ಒಂದು ದೃಶ್ಯ ಹೇಗೆ ತಯಾರಾಗುತ್ತದೆ ನೋಡಿ. ಹುಡುಗಿಯೊಬ್ಬಳು ಹಿಂತಿರುಗಿ ನೋಡುತ್ತಾಳೆ. ತೆರೆಯ ಮೇಲೆ ಅದು ಒಂದೇ ಸೆಕೆಂಡು. ಅನುಭವಿ ಕಲಾವಿದರು ಅದರ ಮುಖ್ಯ ಭಂಗಿಗಳನ್ನಷ್ಟೇ ಬಿಡಿಸುತ್ತಾರೆ: ಮುಖ ಅತ್ತ ಇದ್ದದ್ದು, ಅರ್ಧ ತಿರುಗಿದ್ದು, ಪೂರ್ತಿ ಇತ್ತ ಬಂದದ್ದು. ಇದು ಗೆಂಗಾ. ಈ ಭಂಗಿಗಳ ನಡುವಿನ ಚಿತ್ರಗಳನ್ನು ತುಂಬುವುದು ದೋಗಾ, ಹೊಸಬರ ಪಾಲಿನ ಕೆಲಸ. ಕೆಳಗಿನಿಂದ ಬೆಳಕು ಬರುವ ಮೇಜು, ಮೂರು ತೂತಿನ ಕಾಗದ, ಆ ತೂತುಗಳನ್ನು ಅಲುಗದಂತೆ ಹಿಡಿದಿಡುವ ಲೋಹದ ಪಟ್ಟಿ. ಹಾಳೆಯ ಮೇಲೆ ಹಾಳೆ ಇಟ್ಟು, ಕೂದಲ ಎಳೆ ಎಷ್ಟು ಸರಿಯಬೇಕು, ತಲೆ ನಿಂತ ಮೇಲೂ ಕಿವಿಯ ಓಲೆ ಎಷ್ಟು ಹೊತ್ತು ಓಲಾಡಬೇಕು ಎಂದು ಅಳೆದು ಗೆರೆ ಎಳೆಯುತ್ತಾರೆ. ಈಗೀಗ ಕಾಗದದ ಜಾಗಕ್ಕೆ ಟ್ಯಾಬ್ಲೆಟ್ ಬರುತ್ತಿದೆ, ಆದರೆ ಗೆರೆ ಎಳೆಯುವ ಕೈ ಮನುಷ್ಯರದ್ದೇ. ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಮೂರು ಫ್ರೇಮು ನಿಲ್ಲಿಸಿದರೂ ಸೆಕೆಂಡಿಗೆ 8 ಚಿತ್ರ ಬೇಕು. ಟಿವಿಯ ಒಂದು ಎಪಿಸೋಡಿಗೆ ಸಾಮಾನ್ಯವಾಗಿ ಮೂರರಿಂದ ಐದು ಸಾವಿರ ಚಿತ್ರಗಳು ಬೇಕಾಗುತ್ತವೆ.

ಒಂದು ದೋಗಾ ಹಾಳೆಗೆ ಬಹುಕಾಲ ನಡೆದುಬಂದ ದರ 200 ಯೆನ್ ಆಸುಪಾಸು. ನಮ್ಮ ಲೆಕ್ಕದಲ್ಲಿ ನೂರು ರೂಪಾಯಿಗೆ ಸ್ವಲ್ಪ ಮೇಲೆ. ಜಪಾನಿನ ಅನಿಮೇಷನ್ ಕಲಾವಿದರ ಸಂಘವಾದ ಜಾನಿಕಾ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೋಗಾ ಕಲಾವಿದರ 2013ರ ಸರಾಸರಿ ಆದಾಯ ವರ್ಷಕ್ಕೆ ಸುಮಾರು 11 ಲಕ್ಷ ಯೆನ್. ಅಂದರೆ ತಿಂಗಳಿಗೆ 93 ಸಾವಿರ ಯೆನ್ನಿಗಿಂತ ಕಡಿಮೆ. ಟೋಕಿಯೋದಲ್ಲಿ ಬಾಡಿಗೆ ಕಟ್ಟಿ ಊಟ ಮಾಡಲು ಅದು ಸಾಲದು. ಆಮೇಲೆ ಪರಿಸ್ಥಿತಿ ಕೆಲವು ಸ್ಟುಡಿಯೋಗಳಲ್ಲಿ ಸುಧಾರಿಸಿದೆ, ಆದರೆ ಹೊಸಬರ ಕಷ್ಟ ತೀರಿಲ್ಲ. ವ್ಯಾಪಾರ ಮತ್ತು ಮಾನವ ಹಕ್ಕುಗಳನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ತಜ್ಞರ ತಂಡ 2023ರಲ್ಲಿ ಜಪಾನಿಗೆ ಹೋಗಿಬಂದು 2024ರಲ್ಲಿ ಕೊಟ್ಟ ವರದಿಯಲ್ಲಿ ಅನಿಮೆ ಉದ್ಯಮದ ಕಡಿಮೆ ಸಂಬಳ, ಮಿತಿಮೀರಿದ ದುಡಿತ, ಅನ್ಯಾಯದ ಗುತ್ತಿಗೆಗಳನ್ನು ಹೆಸರಿಸಿ ಎತ್ತಿದೆ.

ಇಷ್ಟು ಪ್ರಸಿದ್ಧವಾದ ಉದ್ಯಮದಲ್ಲಿ ಹೀಗೇಕೆ? ಇದರ ಬೇರು ಟಿವಿ ಅನಿಮೆಯ ಆರಂಭದ ದಿನಗಳಲ್ಲಿದೆ. ಒಸಾಮು ತೆಜುಕಾ ಅವರ ಮುಶಿ ಪ್ರೊಡಕ್ಷನ್ 1963ರ ಜನವರಿ 1ರಂದು 'ಅಸ್ಟ್ರೋ ಬಾಯ್' ಸರಣಿಯನ್ನು ಫ್ಯೂಜಿ ಟಿವಿಯಲ್ಲಿ ಶುರು ಮಾಡಿತು. ಟಿವಿಯವರಿಗೆ ತೆಜುಕಾ ಅದನ್ನು ಕೊಟ್ಟದ್ದು ತಯಾರಿಕೆಯ ಖರ್ಚಿಗಿಂತ ಕಡಿಮೆ ಬೆಲೆಗೆ. ಕೊರತೆಯನ್ನು ಗೊಂಬೆ, ಸ್ಟಿಕ್ಕರ್‌ಗಳ ಹಕ್ಕಿನಿಂದಲೂ ಅಮೆರಿಕದ ಮಾರಾಟದಿಂದಲೂ ತುಂಬಿಕೊಂಡರು. ಜೊತೆಗೆ ಚಿತ್ರಗಳ ಸಂಖ್ಯೆ ಇಳಿಸಿ, ಒಮ್ಮೆ ಬಿಡಿಸಿದ ಚಲನೆಯನ್ನು ಮತ್ತೆ ಮತ್ತೆ ಬಳಸುವ ಉಪಾಯ ಕಂಡುಕೊಂಡರು. ಅದರಿಂದ ಜಪಾನಿಗೆ ವಾರವಾರವೂ ಅನಿಮೆ ಸಿಕ್ಕಿತು. ತೆರೆಯ ಮೇಲಿನ ಕೆಲಸಕ್ಕೆ ಅದರ ಪೂರ್ತಿ ಬೆಲೆ ಕೊಡದೆ, ಲಾಭವನ್ನು ಅಕ್ಕಪಕ್ಕದ ವ್ಯಾಪಾರದಲ್ಲಿ ಹುಡುಕುವ ರೂಢಿಯೂ ಬೇರೂರಿತು. ಮುಶಿ ಪ್ರೊಡಕ್ಷನ್ 1973ರಲ್ಲಿ ದಿವಾಳಿಯಾಯಿತು, ರೂಢಿ ಉಳಿದುಕೊಂಡಿತು.

ಮುಂದೆ ಬಂದದ್ದು ಪ್ರೊಡಕ್ಷನ್ ಕಮಿಟಿ ಪದ್ಧತಿ. 1988ರ 'ಅಕಿರಾ' ಚಿತ್ರವನ್ನು ತಯಾರಿಸಿದ್ದು ಅಕಿರಾ ಕಮಿಟಿ ಎಂಬ ಹೆಸರಿನ ಕೂಟ. 1995ರ 'ನಿಯಾನ್ ಜೆನೆಸಿಸ್ ಇವಾಂಗೆಲಿಯನ್' ಗೆದ್ದ ಮೇಲೆ ಟಿವಿ ಅನಿಮೆಗೂ ಈ ಪದ್ಧತಿ ಹಬ್ಬಿತು. ಮೂಲ ಮಂಗಾ (ಜಪಾನಿ ಚಿತ್ರಕಥೆ) ಪ್ರಕಟಿಸಿದವರು, ಟಿವಿ ಚಾನೆಲ್ಲು, ಹಾಡಿನ ಕಂಪನಿ, ಗೊಂಬೆ ಮಾಡುವವರು, ಡಿಸ್ಕ್ ಮಾರುವವರು ಒಟ್ಟಾಗಿ ಬಂಡವಾಳ ಹಾಕುತ್ತಾರೆ. ಸೋತರೆ ನಷ್ಟ ಹಂಚಿಹೋಗುತ್ತದೆ, ಯಾರೂ ಮುಳುಗುವುದಿಲ್ಲ. ಗೆದ್ದರೆ ಹಾಕಿದ ಬಂಡವಾಳಕ್ಕೆ ತಕ್ಕ ಪಾಲು. ಸ್ಟುಡಿಯೋ ಆ ಕೂಟದಲ್ಲಿ ಪಾಲುದಾರ ಆಗಿರದಿದ್ದರೆ ಅದಕ್ಕೆ ಸಿಗುವುದು ಮೊದಲೇ ಗೊತ್ತುಮಾಡಿದ ಗುತ್ತಿಗೆ ಹಣ ಮಾತ್ರ. ಗದ್ದೆಯಲ್ಲಿ ಫಸಲು ಎಷ್ಟೇ ಹುಲುಸಾಗಿ ಬಂದರೂ ನಾಟಿ ಮಾಡಿದವರ ಕೂಲಿ ಏರುವುದಿಲ್ಲವಲ್ಲ, ಹಾಗೆ. ಕಮಿಟಿಯಲ್ಲಿ ಯಾರಿದ್ದಾರೆ ಎಂಬುದು ಎಷ್ಟೋ ಸಲ ಗುಟ್ಟೇನಲ್ಲ. ಕೊನೆಯ ಹಾಡಿನ ಜೊತೆ ಬರುವ ಹೆಸರುಗಳ ಪಟ್ಟಿಯಲ್ಲೋ ಪೋಸ್ಟರಿನ ಬುಡದ ಹಕ್ಕುಸ್ವಾಮ್ಯದ ಸಾಲಿನಲ್ಲೋ ಅದರ ಸುಳಿವು ಸಿಗುತ್ತದೆ.

ಎಲ್ಲರೂ ಈ ದಾರಿಯಲ್ಲೇ ಇಲ್ಲ ಎನ್ನುವುದನ್ನೂ ಹೇಳಬೇಕು. 'ಡೀಮನ್ ಸ್ಲೇಯರ್' ಹಕ್ಕಿನ ಸಾಲಿನಲ್ಲಿ ಮೂಲ ಲೇಖಕರ ಹೆಸರಿನ ಜೊತೆ ಇರುವುದು ಶುಯೇಶಾ, ಅನಿಪ್ಲೆಕ್ಸ್, ಯೂಫೋಟೇಬಲ್ ಎಂಬ ಮೂರೇ ಹೆಸರು. ಅದರಲ್ಲಿ ಯೂಫೋಟೇಬಲ್ ಚಿತ್ರ ಬಿಡಿಸಿದ ಸ್ಟುಡಿಯೋ. ಮಾಪ್ಪಾ ಸ್ಟುಡಿಯೋ 2022ರ 'ಚೈನ್‌ಸಾ ಮ್ಯಾನ್' ಸರಣಿಗೆ ಕಮಿಟಿಯನ್ನೇ ಬಿಟ್ಟು ಪೂರ್ತಿ ಬಂಡವಾಳ ತಾನೇ ಹಾಕಿತು. ಕ್ಯೋಟೋ ಅನಿಮೇಷನ್ ತನ್ನ ಕಲಾವಿದರನ್ನು ಹಾಳೆಯ ಲೆಕ್ಕಕ್ಕೆ ದುಡಿಸದೆ ಸಂಬಳದ ಮೇಲೆ ಇಟ್ಟುಕೊಂಡು, ತಾನೇ ತರಬೇತಿ ಕೊಟ್ಟು, ತಾನೇ ಪುಸ್ತಕ ಪ್ರಕಟಿಸಿ ಬೆಳೆದ ಸಂಸ್ಥೆ. 2019ರ ಜುಲೈ 18ರಂದು ಅದರ ಕಟ್ಟಡಕ್ಕೆ ಒಬ್ಬ ಬೆಂಕಿ ಹಚ್ಚಿ 36 ಜನ ಪ್ರಾಣ ಕಳೆದುಕೊಂಡಾಗ ಪ್ರಪಂಚದ ಮೂಲೆಮೂಲೆಯಿಂದ ಅಭಿಮಾನಿಗಳು ಹಣ ಕಳಿಸಿದರು. ಚಿತ್ರ ಬಿಡಿಸಿದವರ ಬಗ್ಗೆ ನೋಡುಗರಿಗೆ ಅಕ್ಕರೆ ಇದೆ. ಆ ಅಕ್ಕರೆಯ ಹಣ ಮಾಮೂಲಿ ದಿನಗಳಲ್ಲೂ ಅವರಿಗೆ ತಲುಪುವ ಕಾಲುವೆ ಇನ್ನೂ ಸರಿಯಾಗಿಲ್ಲ, ಅಷ್ಟೇ.

ಈಗ ನಮ್ಮಂಥ ಹೊರದೇಶದ ನೋಡುಗರ ವಿಷಯ. ಜಪಾನಿನ ಅನಿಮೇಷನ್ ತಯಾರಕರ ಸಂಘ ಪ್ರತಿವರ್ಷ ಉದ್ಯಮದ ವರದಿ ತರುತ್ತದೆ. ಅದರ ಪ್ರಕಾರ 2023ರಲ್ಲಿ ಅನಿಮೆಯ ಒಟ್ಟು ಮಾರುಕಟ್ಟೆ ಸುಮಾರು 3.34 ಲಕ್ಷ ಕೋಟಿ ಯೆನ್. ಗೊಂಬೆ, ಹಾಡು, ಆಟ ಎಲ್ಲ ಸೇರಿ. ಅದರಲ್ಲಿ 1.72 ಲಕ್ಷ ಕೋಟಿ, ಅಂದರೆ ಅರ್ಧಕ್ಕಿಂತ ಹೆಚ್ಚು, ಜಪಾನಿನ ಹೊರಗಿನಿಂದ ಬಂದದ್ದು. ಒಂದು ಕಾಲದಲ್ಲಿ ಮಧ್ಯರಾತ್ರಿಯ ಟಿವಿ ಅನಿಮೆಗಳು ನಿಂತದ್ದು ಎರಡೆರಡು ಎಪಿಸೋಡಿನ ಡಿಸ್ಕ್‌ಗಳನ್ನು ದುಬಾರಿ ಬೆಲೆಗೆ ಕೊಳ್ಳುತ್ತಿದ್ದ ಜಪಾನಿನ ಕಟ್ಟಾ ಅಭಿಮಾನಿಗಳ ಮೇಲೆ. ಡಿಸ್ಕ್ ಮಾರಾಟ ಕುಸಿದ ಮೇಲೆ ಆ ಜಾಗಕ್ಕೆ ಬಂದದ್ದು ಹೊರದೇಶದ ಸ್ಟ್ರೀಮಿಂಗ್ ಹಣ. ಹಾಗಾಗಿ ಬೆಂಗಳೂರಿನ ಹಾಸ್ಟೆಲ್ಲಿನಲ್ಲೋ ಶಿವಮೊಗ್ಗದ ಮನೆಯಲ್ಲೋ ಕೂತು ನೋಡುವವರು ಈ ಉದ್ಯಮಕ್ಕೆ ಹೊರಗಿನವರಲ್ಲ.

ಆ ಹಣ ಹೇಗೆ ಓಡುತ್ತದೆ? ಸ್ಟ್ರೀಮಿಂಗ್ ಕಂಪನಿ ಒಂದು ಸರಣಿಯ ಹಕ್ಕನ್ನು ಪ್ರದೇಶವಾರು ಕೊಳ್ಳುತ್ತದೆ. ಸಾಮಾನ್ಯವಾಗಿ ಮೊದಲೇ ಒಂದು ಖಾತರಿ ಮೊತ್ತ ಕೊಡಬೇಕು. ಸರಣಿ ಗೆಲ್ಲಲಿ ಸೋಲಲಿ, ಅದು ವಾಪಸ್ ಬರುವುದಿಲ್ಲ. ಲೆಕ್ಕ ಸುಲಭವಾಗಲೆಂದು ಎಪಿಸೋಡಿಗೆ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಹನ್ನೆರಡು ಎಪಿಸೋಡಿಗೆ 1 ಕೋಟಿ 20 ಲಕ್ಷ. ಚಂದಾದಾರರು ಎಷ್ಟು ಹೊತ್ತು ಏನು ನೋಡಿದರು ಎಂಬುದರ ಮೇಲೆ ಕಂಪನಿಯ ಆದಾಯದಲ್ಲಿ ಆ ಸರಣಿಯ ಪಾಲೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಪಾಲು ಖಾತರಿ ಮೊತ್ತವನ್ನೂ ಇತರ ಖರ್ಚನ್ನೂ ದಾಟಿತೆಂದರೆ ಅಲ್ಲಿಂದಾಚೆಗಿನ ಹಣದಲ್ಲಿ ಕಮಿಟಿಗೆ ಇನ್ನೊಂದು ಪಾಲು ಹೋಗುತ್ತದೆ. ಒಪ್ಪಂದದಿಂದ ಒಪ್ಪಂದಕ್ಕೆ ವಿವರ ಬೇರೆ. ಕೆಲವು ದೊಡ್ಡ ಕಂಪನಿಗಳು ಇಡೀ ಜಗತ್ತಿನ ಹಕ್ಕನ್ನು ಒಂದೇ ಮೊತ್ತಕ್ಕೆ ಕೊಂಡುಬಿಡುತ್ತವೆ. ಅಲ್ಲಿ ಆಮೇಲಿನ ಪಾಲಿನ ಪ್ರಶ್ನೆ ಬರುವುದಿಲ್ಲ. ಯಾವ ಬಗೆಯ ಒಪ್ಪಂದವಾದರೂ ಮುಂದಿನ ಸಲ ಚೌಕಾಸಿಗೆ ಕೂತಾಗ ಎರಡೂ ಕಡೆಯವರ ಮುಂದೆ ಇರುವುದು ಹಿಂದಿನ ಸಲ ಎಷ್ಟು ಜನ ನೋಡಿದರು ಎಂಬ ಅಂಕಿ. ಎರಡನೇ ಸೀಸನ್ ಬರಬೇಕೇ, ಆ ಪ್ರದೇಶಕ್ಕೆ ಎಷ್ಟು ಬೆಲೆ, ಯಾವ ಭಾಷೆಗೆ ಡಬ್ ಮಾಡಬೇಕು ಎಂಬುದೆಲ್ಲ ಆ ಅಂಕಿಯ ಮೇಲೆ ನಿಲ್ಲುತ್ತದೆ.

ಪೈರಸಿ ಸೈಟಿನಲ್ಲಿ ನೋಡಿದ ಎಪಿಸೋಡು ಈ ಅಂಕಿಗೆ ಸೇರುವುದೇ ಇಲ್ಲ. ನೀವು ರಾತ್ರಿಯೆಲ್ಲ ಎದ್ದು ಒಂದು ಸರಣಿಯನ್ನು ಮುಗಿಸಿರಬಹುದು, ಗೆಳೆಯರಿಗೆಲ್ಲ ಹೇಳಿರಬಹುದು. ಕಮಿಟಿಯ ಮೇಜಿನ ಮೇಲಿರುವ ಹಾಳೆಯಲ್ಲಿ ನೀವು ಇಲ್ಲ. ಕರ್ನಾಟಕದ ಲಕ್ಷ ಜನ ಹಾಗೆ ನೋಡಿದರೂ ಆ ಹಾಳೆಯಲ್ಲಿ ಕರ್ನಾಟಕ ಖಾಲಿ. "ಯಾರಿಗೆ ನಷ್ಟ" ಎಂಬ ಪ್ರಶ್ನೆಗೆ ಒಂದು ಉತ್ತರ ಇದು: ಮೊದಲ ನಷ್ಟ ನೋಡುಗರಿಗೇ. ಇನ್ನೊಂದು ಉತ್ತರ ಸ್ಟುಡಿಯೋದ ಕಡೆಯದು. ಹೊರದೇಶದ ಹಕ್ಕಿಗೆ ಒಳ್ಳೆಯ ಬೆಲೆ ಬಂದರೆ ಕಮಿಟಿ ದೊಡ್ಡ ಬಜೆಟ್ಟಿಗೆ ಒಪ್ಪುತ್ತದೆ, ಹೆಸರುವಾಸಿಯಾದ ಸ್ಟುಡಿಯೋ ಹೆಚ್ಚಿನ ಗುತ್ತಿಗೆ ಹಣ ಕೇಳುತ್ತದೆ, ಇಲ್ಲವೇ ತಾನೂ ಬಂಡವಾಳ ಹಾಕಿ ಪಾಲುದಾರ ಆಗುತ್ತದೆ. ಮಾಪ್ಪಾ ಒಬ್ಬಂಟಿಯಾಗಿ ಧೈರ್ಯ ಮಾಡಿದ್ದು ಹೊರಗಿನ ಮಾರುಕಟ್ಟೆ ಇಷ್ಟು ಬೆಳೆದ ಮೇಲೆ. ದಾರಿಯಲ್ಲಿ ಸೋರಿಕೆ ಬಹಳ ಇದೆ, ನಿಜ. ಆದರೆ ನೀರೇ ಬರದಿದ್ದರೆ ಸೋರಿಕೆ ಮುಚ್ಚಿ ಏನು ಪ್ರಯೋಜನ?

ಪೈರಸಿಯ ಇತಿಹಾಸವನ್ನು ಪೂರ್ತಿ ಕಪ್ಪು ಬಣ್ಣದಲ್ಲಿ ಬರೆಯುವುದು ನ್ಯಾಯವಲ್ಲ. ಅಧಿಕೃತವಾಗಿ ಏನೂ ಸಿಗದ ಕಾಲದಲ್ಲಿ ಅಭಿಮಾನಿಗಳೇ ರಾತ್ರಿ ಕೂತು ಜಪಾನಿ ಮಾತಿಗೆ ಸಬ್‌ಟೈಟಲ್ ಬರೆದು ಹಂಚಿದರು. ಹೊರದೇಶದಲ್ಲಿ ನೋಡುಗರು ಹುಟ್ಟಿದ್ದರಲ್ಲಿ ಅವರ ಪಾಲು ದೊಡ್ಡದು. ಇಂದಿನ ಅನಿಮೆ ಸ್ಟ್ರೀಮಿಂಗ್ ಕಂಪನಿ ಕ್ರಂಚಿರೋಲ್ ಕೂಡ 2006ರಲ್ಲಿ ಹುಟ್ಟಿದಾಗ ಬಳಕೆದಾರರು ಅನುಮತಿಯಿಲ್ಲದೆ ವಿಡಿಯೋ ಏರಿಸುವ ಸೈಟಾಗಿತ್ತು. 2009ರ ಜನವರಿಯಲ್ಲಿ ಟಿವಿ ಟೋಕಿಯೋ ಜೊತೆ ಒಪ್ಪಂದ ಮಾಡಿಕೊಂಡು 'ನರುಟೋ ಶಿಪ್ಪೂಡೆನ್' ಅನ್ನು ಹಕ್ಕು ಪಡೆದೇ ತೋರಿಸತೊಡಗಿತು, ಅನುಮತಿಯಿಲ್ಲದ್ದನ್ನು ತೆಗೆದುಹಾಕಿತು. 2021ರಲ್ಲಿ ಸೋನಿಯ ಫ್ಯುನಿಮೇಷನ್ ಅದನ್ನು ಕೊಂಡದ್ದು 117.5 ಕೋಟಿ ಡಾಲರಿಗೆ. ಈಗ ಎಷ್ಟೋ ಸರಣಿಗಳು ಜಪಾನಿನ ಟಿವಿಯಲ್ಲಿ ಬಂದ ಒಂದೆರಡು ಗಂಟೆಯೊಳಗೆ ಇಲ್ಲಿಗೆ ಬರುತ್ತವೆ, ಅನುವಾದಕರಿಗೆ ಸ್ಕ್ರಿಪ್ಟು ಮೊದಲೇ ತಲುಪಿರುತ್ತದೆ. ಕಾಯಬೇಕಲ್ಲ ಎನ್ನುವ ಹಳೆಯ ಕಾರಣ ಬಹುಪಾಲು ಹೋಗಿದೆ.

ಇಂದಿನ ಪೈರಸಿ ಸೈಟುಗಳು ಆ ಅಭಿಮಾನಿಗಳ ವಾರಸುದಾರರೂ ಅಲ್ಲ. ಇವು ಅಧಿಕೃತ ಸ್ಟ್ರೀಮನ್ನೇ, ಸಬ್‌ಟೈಟಲ್ ಸಮೇತ, ಎತ್ತಿಹಾಕಿ ಜಾಹೀರಾತಿನ ಮೇಲೆ ದುಡಿಯುತ್ತವೆ. ಜಾಹೀರಾತು ಎಂಥದ್ದು ಎಂದು ನೋಡಿದವರಿಗೆ ಗೊತ್ತು: ಬೆಟ್ಟಿಂಗ್ ಆಪ್‌ಗಳು, ಸುಳ್ಳು ಡೌನ್‌ಲೋಡ್ ಬಟನ್ನು, "ನಿಮ್ಮ ಫೋನಿಗೆ ವೈರಸ್ ಬಂದಿದೆ" ಎಂಬ ಬೆದರಿಕೆ. ಮನೆಯ ಚಿಕ್ಕ ಮಕ್ಕಳು ಅಪ್ಪನ ಫೋನಿನಲ್ಲಿ 'ಒನ್ ಪೀಸ್' ಹುಡುಕುತ್ತಾ ಇವುಗಳ ನಡುವೆ ಹೋಗಿ ಸಿಕ್ಕಿಕೊಳ್ಳುವುದು ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕದ ಸಂಗತಿ. ಅದೇ ಫೋನಿನಲ್ಲಿ ಬ್ಯಾಂಕಿನ ಆಪ್ ಇರುತ್ತದೆ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯಂತೆ ಸಿನಿಮಾವನ್ನು ಅನುಮತಿಯಿಲ್ಲದೆ ಚಿತ್ರೀಕರಿಸಿ ಹಂಚುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ ಇದೆ. ಕರ್ನಾಟಕ 2014ರಲ್ಲಿ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ವಿಡಿಯೋ, ಆಡಿಯೋ ಪೈರಸಿ ಮಾಡುವವರನ್ನೂ ಅದರೊಳಗೆ ತಂದಿತು. ಜಪಾನಿನಲ್ಲಿ ಮಂಗಾ ಕದ್ದು ಹಾಕುತ್ತಿದ್ದ ದೊಡ್ಡ ಸೈಟೊಂದನ್ನು ನಡೆಸಿದವನಿಗೆ 2021ರಲ್ಲಿ ಮೂರು ವರ್ಷ ಜೈಲಾಯಿತು. 2024ರಲ್ಲಿ ಟೋಕಿಯೋ ನ್ಯಾಯಾಲಯ ಪ್ರಕಾಶಕರಿಗೆ ಸುಮಾರು 170 ಕೋಟಿ ಯೆನ್ ಪರಿಹಾರ ಕೊಡುವಂತೆ ಅವನಿಗೆ ಹೇಳಿತು. ಇವೆಲ್ಲ ಮುಖ್ಯವಾಗಿ ಕದ್ದು ಹಂಚುವವರ ಮೇಲಿನ ಕ್ರಮ. ಟೆಲಿಗ್ರಾಂ ಗುಂಪಿನಲ್ಲಿ ಎಪಿಸೋಡು ಏರಿಸಿ ಗೆಳೆಯರಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡವರು ಹಂಚುವವರ ಸಾಲಿಗೇ ಸೇರುತ್ತಾರೆ, ನೆನಪಿರಲಿ.

ನಮ್ಮಲ್ಲಿ ಅನಿಮೆ ಹೊಸದಲ್ಲ. ತೊಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ನೋಡಿದ ಮೋಗ್ಲಿ ಜಪಾನಿನ ನಿಪ್ಪಾನ್ ಅನಿಮೇಷನ್ ಮಾಡಿದ ಸರಣಿ. ಆದರೆ ಇಲ್ಲಿನ ನೋಡುಗರನ್ನು ಜಪಾನಿನವರು ಲೆಕ್ಕಕ್ಕೆ ತೆಗೆದುಕೊಂಡದ್ದು ತಡವಾಗಿ. ಮಕೋಟೋ ಶಿಂಕಾಯಿ ಅವರ 'ವೆದರಿಂಗ್ ವಿತ್ ಯೂ' ಇಲ್ಲಿ ಥಿಯೇಟರಿಗೆ ಬರಲಿ ಎಂದು ಭಾರತದ ಅಭಿಮಾನಿಗಳು ಆನ್‌ಲೈನ್‌ನಲ್ಲಿ ಸಹಿ ಸಂಗ್ರಹಿಸಿದರು; ಚಿತ್ರ 2019ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು, ಶಿಂಕಾಯಿ ಅವರೇ ಭಾರತಕ್ಕೆ ಬಂದರು. ಟಿಕೆಟ್ ಮಾರಾಟವಾದದ್ದು ಕಂಡ ಮೇಲೆ ಒಂದೊಂದಾಗಿ ಚಿತ್ರಗಳು ಬರತೊಡಗಿದವು. 2022ರಲ್ಲಿ ಕ್ರಂಚಿರೋಲ್ ಭಾರತದ ಮಟ್ಟಿಗೆ ಚಂದಾ ದರವನ್ನು ತಿಂಗಳಿಗೆ 79 ರೂಪಾಯಿಗೆ ಇಳಿಸಿತು. 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ಜಪಾನಿಯ ಜೊತೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಿಡುಗಡೆಯಾಯಿತು.

ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ದಶಕಗಳ ಕಾಲ ಕನ್ನಡದಲ್ಲಿ ಡಬ್ಬಿಂಗ್‌ಗೆ ಅಘೋಷಿತ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟ ಮೇಲೆ ಬಾಗಿಲು ತೆರೆಯಿತು. ಬಾಗಿಲು ತೆರೆದರೆ ಸಾಲದು, ಒಳಗೆ ಬರುವವರಿಗೆ ಇಲ್ಲಿ ಗಿರಾಕಿ ಇದ್ದಾರೆಂದು ಕಾಣಬೇಕು. ಡಬ್ಬಿಂಗಿಗೆ ಖರ್ಚು ಮಾಡುವವರು ನೋಡುವುದು ಚಂದಾದಾರರ ಸಂಖ್ಯೆ, ಟಿಕೆಟ್ಟಿನ ಲೆಕ್ಕ, ಜನ ಕೇಳಿದ ಮನವಿ. 'ಡೀಮನ್ ಸ್ಲೇಯರ್' ನಾಯಕ ತಾಂಜಿರೋ ಕನ್ನಡದಲ್ಲಿ ಮಾತಾಡಿದ್ದನ್ನು ಕೇಳುವ ಆಸೆ ಇರುವವರಿಗೆ ಇದಕ್ಕಿಂತ ನೇರವಾದ ದಾರಿ ನನಗೆ ಕಾಣುವುದಿಲ್ಲ.

ಹಾಗಾದರೆ ಕಡಿಮೆ ದುಡ್ಡಿನಲ್ಲಿ ನೋಡುವುದು ಹೇಗೆ? ಬಿಡಿಗಾಸೂ ಖರ್ಚು ಮಾಡದೆ ಶುರು ಮಾಡಬೇಕೆಂದರೆ ಯೂಟ್ಯೂಬ್ ಇದೆ. ತೈವಾನಿನ ಮ್ಯೂಸ್ ಕಮ್ಯುನಿಕೇಷನ್ ನಡೆಸುವ ಮ್ಯೂಸ್ ಏಷ್ಯಾ, ಹಾಂಗ್‌ಕಾಂಗ್‌ನ ಮೀಡಿಯಾಲಿಂಕ್ ನಡೆಸುವ ಆನಿ-ಒನ್ ಏಷ್ಯಾ, ಎರಡೂ ಹಕ್ಕು ಪಡೆದು ಜಾಹೀರಾತಿನೊಂದಿಗೆ ಪೂರ್ತಿ ಎಪಿಸೋಡುಗಳನ್ನು ಹಾಕುವ ಚಾನೆಲ್ಲುಗಳು. ಹಕ್ಕಿನ ಅವಧಿ ಮುಗಿದಾಗ ಕೆಲವು ಸರಣಿಗಳು ಮಾಯವಾಗುತ್ತವೆ, ಹಾಗಾಗಿ ಶುರು ಮಾಡಿದ್ದನ್ನು ಮುಂದಕ್ಕೆ ಹಾಕಬೇಡಿ. ಅಧಿಕೃತ ಚಾನೆಲ್ಲನ್ನು ಗುರುತಿಸುವುದು ಸುಲಭ: ಹೆಸರಿನ ಪಕ್ಕದ ಗುರುತು, ವಿವರಣೆಯಲ್ಲಿ ಹಕ್ಕುಸ್ವಾಮ್ಯದ ಸಾಲು. ಅಂಚು ಕತ್ತರಿಸಿ, ದನಿ ಏರುಪೇರು ಮಾಡಿ, ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಹಾಕಿದ್ದರೆ ಅದು ಕದ್ದದ್ದು.

ಚಂದಾ ಕಟ್ಟುವವರಿಗೆ ನನ್ನ ಸಲಹೆ, ಎಲ್ಲ ಆಪ್‌ಗಳಿಗೂ ವರ್ಷಪೂರ್ತಿ ಕಟ್ಟಬೇಡಿ. ಅನಿಮೆ ಸೀಸನ್ನುಗಳು ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಿನಲ್ಲಿ ಶುರುವಾಗಿ ಹನ್ನೆರಡು-ಹದಿಮೂರು ವಾರ ನಡೆಯುತ್ತವೆ. ಬೇಕಾದ ಸರಣಿ ಎಲ್ಲಿದೆ ನೋಡಿ ಆ ತಿಂಗಳುಗಳಿಗೆ ಮಾತ್ರ ಕಟ್ಟಿದರೂ ನಿಮ್ಮ ನೋಟ ಲೆಕ್ಕಕ್ಕೆ ಸೇರುತ್ತದೆ. ದರ ಆಗಾಗ ಬದಲಾಗುವುದರಿಂದ ಆಪ್‌ನಲ್ಲೇ ನೋಡಿಕೊಳ್ಳಿ. ನೆಟ್‌ಫ್ಲಿಕ್ಸ್ ಮನೆಯಲ್ಲಿ ಈಗಾಗಲೇ ಇದ್ದರೆ ಗಿಬ್ಲಿ ಸ್ಟುಡಿಯೋದ ಚಿತ್ರಗಳನ್ನು ಅಲ್ಲಿ ಹುಡುಕಿ ನೋಡಿ. ಮಿಯಾಜಾಕಿಯವರ 'ಸ್ಪಿರಿಟೆಡ್ ಅವೇ' ನೋಡದವರಿದ್ದರೆ ಇಂದೇ ಕೂರಬಹುದು. ಸರಣಿ ಹೊಸದಾಗಿರುವಾಗಲೇ ನೋಡುವುದು, ಹಿಡಿಸಿದರೆ ಕೊನೆಯವರೆಗೂ ನೋಡುವುದು ಎರಡೂ ಉಪಯೋಗದ ಅಭ್ಯಾಸ. ಮುಂದಿನ ಸೀಸನ್ನಿನ ತೀರ್ಮಾನ ಬೇಗ ಆಗುತ್ತದೆ. ಮಂಗಾ ಓದುವವರಿಗೆ ಶುಯೇಶಾ 2019ರಲ್ಲಿ ತಂದ ಮಂಗಾ ಪ್ಲಸ್ ಆಪ್ ಇದೆ. ಅದರಲ್ಲಿ ಬಹಳಷ್ಟು ಕಥೆಗಳ ಮೊದಲ ಮತ್ತು ಇತ್ತೀಚಿನ ಅಧ್ಯಾಯಗಳು ಉಚಿತ.

ಥಿಯೇಟರಿಗೆ ಬಂದರೆ ಹೋಗಿ, ಅದರಲ್ಲೂ ಮೊದಲ ವಾರಾಂತ್ಯ. ಬೆಂಗಳೂರಿನಲ್ಲಿ ಶೋಗಳು ಸಿಗುತ್ತವೆ, ಬೇರೆ ಊರುಗಳಲ್ಲಿ ಬೆಳಿಗ್ಗೆ ಒಂದೇ ಶೋ ಇಟ್ಟು ಜನ ಬಂದರೆ ಮುಂದುವರಿಸುತ್ತಾರೆ. ಆ ಒಂದು ಶೋ ತುಂಬಿದರೆ ಮುಂದಿನ ಚಿತ್ರ ಬರುವ ಸಾಧ್ಯತೆ ಹೆಚ್ಚು.

ಟೀ ಶರ್ಟು, ಗೊಂಬೆಗಳ ಹಣ ಕಮಿಟಿಯ ಆದಾಯದಲ್ಲಿ ದೊಡ್ಡ ಪಾಲು. ನಮ್ಮ ಮಾರುಕಟ್ಟೆಯಲ್ಲಿ ನಕಲಿ ಮಾಲೇ ಹೆಚ್ಚು. ಡಬ್ಬಿಯ ಮೇಲೆ ಹಕ್ಕುಸ್ವಾಮ್ಯದ ಸಾಲು ಇದೆಯೇ, ತಯಾರಕರ ಹೆಸರು ಸ್ಪಷ್ಟವಾಗಿದೆಯೇ ನೋಡಿ; ತೋಯೇಯಿ ಅನಿಮೇಷನ್ನಿನ 'ಡ್ರ್ಯಾಗನ್ ಬಾಲ್', 'ಒನ್ ಪೀಸ್' ಗೊಂಬೆಗಳಲ್ಲಿ ಹಲವುದರ ಡಬ್ಬಿಯ ಮೇಲೆ ಹೊಳೆಯುವ ಚಿಕ್ಕ ಸ್ಟಿಕ್ಕರ್ ಇರುತ್ತದೆ. ಒಂದು ಅಸಲಿ ಕೀಚೈನು ಹತ್ತು ನಕಲಿ ಗೊಂಬೆಗಿಂತ ಮೇಲು ಎಂದೇ ನನ್ನ ಅಭಿಪ್ರಾಯ.

ಕೆಲವು ಸರಣಿಗಳು ಭಾರತದಲ್ಲಿ ಎಲ್ಲಿಯೂ ಸಿಗುವುದಿಲ್ಲ, ಅದಕ್ಕೆ ಪ್ರದೇಶವಾರು ಹಕ್ಕಿನ ಪದ್ಧತಿಯೇ ಕಾರಣ. ಅಂಥ ಕಡೆ ಆಪ್‌ಗಳ ಸಹಾಯ ವಿಭಾಗದಲ್ಲಿ ಸರಣಿಯ ಹೆಸರು, ನಿಮ್ಮ ಊರು, ಬೇಕಾದ ಭಾಷೆ ಬರೆದು ಮನವಿ ಕಳಿಸಿ. ಒಬ್ಬರ ಮನವಿಯಿಂದ ಏನೂ ಆಗಲಿಕ್ಕಿಲ್ಲ. 2019ರಲ್ಲಿ 'ವೆದರಿಂಗ್ ವಿತ್ ಯೂ' ವಿಷಯದಲ್ಲಿ ಸಾವಿರಾರು ಜನ ಕೇಳಿದ್ದರಿಂದ ಆಯಿತು. ಕನ್ನಡದ ಮನವಿಯನ್ನು ಕನ್ನಡದಲ್ಲೇ ಬರೆದರೂ ಅಡ್ಡಿಯಿಲ್ಲ, ಭಾಷೆಯ ಹೆಸರು ಮಾತ್ರ ಇಂಗ್ಲಿಷಿನಲ್ಲೂ ಇರಲಿ.

ಇನ್ನು, ಚಿತ್ರ ಬಿಡಿಸಿದವರ ಕೈಗೇ ಹಣ ಹೋಗಬೇಕು ಎನ್ನುವವರಿಗೂ ದಾರಿಗಳಿವೆ. ಹಲವು ಕಲಾವಿದರು ತಮ್ಮ ರೇಖಾಚಿತ್ರಗಳ ಪುಸ್ತಕಗಳನ್ನು ತಾವೇ ಅಚ್ಚು ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಸ್ಟುಡಿಯೋಗಳು ಸ್ವಂತ ಅಂಗಡಿ ನಡೆಸುತ್ತವೆ. ಹೊಸ ಕಲಾವಿದರಿಗೆ ಟೋಕಿಯೋದಲ್ಲಿ ಕಡಿಮೆ ಬಾಡಿಗೆಯ ವಸತಿ ಕೊಡುವ ಅನಿಮೇಟರ್ ಡಾರ್ಮಿಟರಿ ಎಂಬ ಯೋಜನೆಯನ್ನು ಲಾಭರಹಿತ ಸಂಸ್ಥೆಯೊಂದು ಜನರ ದೇಣಿಗೆಯಿಂದ ನಡೆಸಿಕೊಂಡು ಬಂದಿದೆ. ಅಲ್ಲಿ ಉಳಿದು ಕೆಲಸ ಕಲಿತವರು ಹೆಸರಾಂತ ಸರಣಿಗಳಲ್ಲಿ ದುಡಿದಿದ್ದಾರೆ. ಇವು ಚಂದಾಕ್ಕೆ ಬದಲಿಯಲ್ಲ. ಚಂದಾ ಕಟ್ಟಿ, ಕೈಯಲ್ಲಿ ಇನ್ನಷ್ಟು ಉಳಿದಾಗ ಇವನ್ನು ಯೋಚಿಸಿ.